ಲಿಯೊ ಕ್ಯಾನರ್: ಮಕ್ಕಳನ್ನು ನೋಡಿ ಬರೆದಿಟ್ಟ ವೈದ್ಯ

ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ಸ್ವಲೀನತೆ ಎಂಬ ಉಪಶೀರ್ಷಿಕೆಯ ಕೆಳಗೆ ಲಿಯೊ ಕ್ಯಾನರ್, 1943 ಎಂದು ಒಂದು ಹೆಸರು, ಒಂದು ಇಸವಿ ಬರುತ್ತದೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಬೋಧನಾಭ್ಯಾಸಕ್ಕೆ ಹೋದ ಮೇಲೆ ಅದು ಸಾಲುವುದಿಲ್ಲ. ಹೊಳಲಿನಂಥ ಊರಿನ ಶಾಲೆಯಲ್ಲಿ ತುಂಬಿದ ತರಗತಿಯ ಮುಂದೆ ನಿಂತಾಗ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ ಒಂದು ಮಗು ಕಣ್ಣಿಗೆ ಬೀಳುತ್ತದೆ. ಇದಕ್ಕೆ ಕಿವಿ ಕೇಳುವುದಿಲ್ಲವೆ, ಬುದ್ಧಿ ಕಡಿಮೆಯೆ, ಹಟವೆ, ಅಥವಾ ಇದು ಬೇರೆಯೇ ಏನೋ ಒಂದೆ ಎಂದು ನಾವು ಕೇಳಿಕೊಳ್ಳುತ್ತೇವೆ. ಈ ಕೊನೆಯ ಪ್ರಶ್ನೆಯನ್ನು ಗಂಭೀರವಾಗಿ ಕೇಳಿ, ಉತ್ತರವನ್ನು ಎಲ್ಲರಿಗೂ ಕಾಣುವಂತೆ ಬರೆದಿಟ್ಟವರು ಕ್ಯಾನರ್. ಅವರು ಕಂಡದ್ದೆಲ್ಲ ಸರಿಯಾಗಿತ್ತು ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಒಂದು ಭಾಗ ತಪ್ಪಿತು, ಆ ತಪ್ಪಿನ ಬೆಲೆ ತೆತ್ತವರು ತಾಯಂದಿರು. ಆ ಭಾಗವನ್ನೂ ಬಿಡದೆ ಬರೆದಿದ್ದೇನೆ.

ಕ್ಯಾನರ್ ಹುಟ್ಟಿದ್ದು 1894ರ ಜೂನ್‌ನಲ್ಲಿ, ಕ್ಲೆಕೋಟೊವ್ ಎಂಬ ಸಣ್ಣ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಉಕ್ರೇನಿನಲ್ಲಿದೆ. ಅವರದು ಯಹೂದಿ ಕುಟುಂಬ. ತಂದೆ ಧರ್ಮಗ್ರಂಥಗಳ ಓದಿನಲ್ಲೇ ಮುಳುಗಿದ್ದವರು. 1906ರಲ್ಲಿ ಹುಡುಗ ಬರ್ಲಿನ್ ನಗರಕ್ಕೆ ಬಂದ, ಅಲ್ಲಿಯೇ ಪ್ರೌಢಶಾಲೆ ಮುಗಿಸಿದ. ಅವನಿಗಿದ್ದ ಆಸೆ ಕವಿಯಾಗಬೇಕು ಎಂಬುದು. ಪದ್ಯಗಳನ್ನು ಬರೆದ, ಯಾರೂ ಅಚ್ಚು ಹಾಕಲಿಲ್ಲ. 1913ರಲ್ಲಿ ವೈದ್ಯಕೀಯ ಓದಲು ಸೇರಿದ. ಮೊದಲ ಮಹಾಯುದ್ಧ ಬಂದು ಓದು ಅರ್ಧಕ್ಕೆ ನಿಂತಿತು, ಸೈನ್ಯದ ವೈದ್ಯ ವಿಭಾಗದಲ್ಲಿ ದುಡಿದು ಮರಳಿ ಬಂದು 1921ರಲ್ಲಿ ಪದವಿ ಪಡೆದ. ಮದುವೆಯೂ ಅದೇ ವರ್ಷ. ಬರ್ಲಿನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಕಾಯಿಲೆಗಳ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮಕ್ಕಳ ಮನಸ್ಸಿಗೂ ಅವರಿಗೂ ಆಗ ಯಾವ ಸಂಬಂಧವೂ ಇರಲಿಲ್ಲ.

ಯುದ್ಧ ಮುಗಿದ ಜರ್ಮನಿಯಲ್ಲಿ ಹಣದ ಬೆಲೆ ದಿನದಿಂದ ದಿನಕ್ಕೆ ಕುಸಿಯುತ್ತಿತ್ತು. ಪರಿಚಯದ ಅಮೆರಿಕನ್ ವೈದ್ಯರೊಬ್ಬರ ನೆರವಿನಿಂದ 1924ರಲ್ಲಿ ಹೆಂಡತಿ, ಪುಟ್ಟ ಮಗಳೊಂದಿಗೆ ಹಡಗು ಹತ್ತಿದರು. ಸಿಕ್ಕಿದ್ದು ದಕ್ಷಿಣ ಡಕೋಟಾ ರಾಜ್ಯದ ಯಾಂಕ್ಟನ್ ಎಂಬ ಊರಿನ ಸರಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ. ಅವರಿಗೆ ಇಂಗ್ಲಿಷು ಸರಿಯಾಗಿ ಬರುತ್ತಿರಲಿಲ್ಲ, ಮನೋವೈದ್ಯಶಾಸ್ತ್ರವೂ ಗೊತ್ತಿರಲಿಲ್ಲ. ಭಾಷೆಯನ್ನು ಪತ್ರಿಕೆಗಳ ಪದಬಂಧ ಬಿಡಿಸುತ್ತಾ ಕಲಿತರು. ಮನೋವೈದ್ಯವನ್ನು ರೋಗಿಗಳ ಜೊತೆ ಕೂತು, ಅವರನ್ನು ನೋಡುತ್ತಾ ಕಲಿತರು. ಬಿಡುವಿನಲ್ಲಿ ಹಲ್ಲಿನ ಬಗ್ಗೆ ನಾನಾ ದೇಶಗಳ ಜನಪದರಲ್ಲಿರುವ ನಂಬಿಕೆಗಳನ್ನು ಕಲೆ ಹಾಕಿ ಒಂದು ಪುಸ್ತಕವನ್ನೇ ಬರೆದರು. ಅದು 1928ರಲ್ಲಿ ಹೊರಬಂತು. ವೈದ್ಯರೊಬ್ಬರು ಇಂಥ ಪುಸ್ತಕ ಬರೆಯುವುದು ವಿಚಿತ್ರ ಅನ್ನಿಸಬಹುದು. ಆದರೆ ಸಣ್ಣ ಸಂಗತಿಯನ್ನೂ ಬಿಡದೆ ಕೂಡಿಡುವ ಈ ಗುಣವೇ ಮುಂದೆ ಅವರ ಕೈ ಹಿಡಿಯಿತು.

1928ರಲ್ಲಿಯೇ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅಡಾಲ್ಫ್ ಮೈಯರ್ ಅವರ ಕೈಕೆಳಗೆ ತರಬೇತಿಗೆ ಸೇರಿದರು. ರೋಗದ ಹೆಸರಿಗಿಂತ ರೋಗಿಯ ಇಡೀ ಬದುಕಿನ ಕಥೆಯನ್ನು ಬರೆದುಕೊಳ್ಳಬೇಕು ಎಂಬುದು ಮೈಯರ್ ಅವರ ಪಾಠ. ನಾವು ಏಕವ್ಯಕ್ತಿ ಅಧ್ಯಯನದ ದಾಖಲೆ ಬರೆಯುವಾಗ ಹುಟ್ಟು, ಮನೆ, ಆರೋಗ್ಯ, ಶಾಲೆ ಎಂದು ಅಂಕಣ ಹಾಕುತ್ತೇವಲ್ಲ, ಆ ಪದ್ಧತಿಯ ಹಿಂದೆ ಇಂಥವರ ದುಡಿಮೆ ಇದೆ. 1930ರಲ್ಲಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಮಕ್ಕಳ ಮನೋವೈದ್ಯಕ್ಕೆ ಒಂದು ಚಿಕಿತ್ಸಾಲಯ ಶುರುವಾಯಿತು. ಅದರ ಹೊಣೆ ಕ್ಯಾನರ್ ಅವರಿಗೆ ಬಂತು. ಆ ವಿಷಯಕ್ಕೆ ಇಂಗ್ಲಿಷಿನಲ್ಲಿ ಒಂದು ಪಠ್ಯಪುಸ್ತಕವೂ ಇರಲಿಲ್ಲ. 1935ರಲ್ಲಿ ಅದನ್ನೂ ಅವರೇ ಬರೆದರು.

ಸ್ವಲೀನತೆಗೆ ಬರುವ ಮುನ್ನ ಎರಡು ಸಂಗತಿ ಹೇಳಬೇಕು. ಪಠ್ಯಗಳು ಇವನ್ನು ಬಿಟ್ಟುಬಿಡುತ್ತವೆ. ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಇವುಗಳಿಂದಲೇ.

ಮೇರಿಲ್ಯಾಂಡ್ ರಾಜ್ಯದಲ್ಲಿ ಬುದ್ಧಿಮಾಂದ್ಯರಿಗಾಗಿ ರೋಸ್‌ವುಡ್ ಎಂಬ ಸರಕಾರಿ ಸಂಸ್ಥೆ ಇತ್ತು. ಅಲ್ಲಿದ್ದವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ವಕೀಲರೊಬ್ಬರು ನ್ಯಾಯಾಲಯದ ಆದೇಶ ತಂದು ಬಿಡಿಸುತ್ತಿದ್ದರು. ಬಿಡಿಸಿದವರನ್ನು ಶ್ರೀಮಂತರ ಮನೆಗಳಿಗೆ ಪುಕ್ಕಟೆ ಕೆಲಸಕ್ಕೆ ಒಪ್ಪಿಸಿ ಶುಲ್ಕ ಪಡೆಯುತ್ತಿದ್ದರು. ಮನೆಯೊಡತಿಗೆ ಬೇಸರವಾದರೆ ಹುಡುಗಿ ಬೀದಿಗೆ ಬೀಳುತ್ತಿದ್ದಳು. ಕ್ಯಾನರ್ ಒಬ್ಬ ಸಮಾಜ ಕಾರ್ಯಕರ್ತೆಯ ಜೊತೆಗೂಡಿ ಹೀಗೆ ಹೊರಬಿದ್ದ 166 ಜನರ ಜಾಡು ಹುಡುಕಿದರು. ಕೆಲವರು ಸತ್ತಿದ್ದರು, ಕೆಲವರು ಜೈಲಿನಲ್ಲಿದ್ದರು, ಕೆಲವರು ಮೈ ಮಾರಿಕೊಂಡು ಬದುಕುತ್ತಿದ್ದರು. 1937ರಲ್ಲಿ ಅಮೆರಿಕದ ಮನೋವೈದ್ಯರ ಸಮಾವೇಶದಲ್ಲಿ ಇದನ್ನೆಲ್ಲ ಬಯಲಿಗಿಟ್ಟರು, ಪತ್ರಿಕೆಗಳು ದೊಡ್ಡದಾಗಿ ಬರೆದವು. ಇನ್ನೊಂದು 1942ರದು. ತೀವ್ರ ಬುದ್ಧಿಮಾಂದ್ಯ ಮಕ್ಕಳನ್ನು ನೋವಿಲ್ಲದೆ ಕೊನೆಗಾಣಿಸುವುದೇ ದಯೆ ಎಂದು ಅಮೆರಿಕದ ಹೆಸರಾಂತ ನರರೋಗ ತಜ್ಞರೊಬ್ಬರು ವಾದ ಮಂಡಿಸಿದರು. ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಕ್ಯಾನರ್ ಎದುರು ವಾದ ಬರೆದರು. ಹತ್ತಿ ಬಿಡಿಸುವವರು, ಕಸ ಎತ್ತುವವರು ಇಲ್ಲದೆ ಯಾವ ನಗರವೂ ಬದುಕುವುದಿಲ್ಲ ಎಂಬುದು ಅವರ ವಾದದ ತಿರುಳು. ಜರ್ಮನಿಯಲ್ಲಿ ಆ ಹೊತ್ತಿಗೆ ಇಂಥ ಮಕ್ಕಳನ್ನು ಕೊಲ್ಲುವ ಕೆಲಸ ನಿಜವಾಗಿಯೇ ನಡೆದಿತ್ತು. ಅದೇ ವರ್ಷಗಳಲ್ಲಿ ಯುರೋಪಿನಿಂದ ತಪ್ಪಿಸಿಕೊಂಡು ಬರುವ ಸುಮಾರು 200 ಯಹೂದಿ ವೈದ್ಯರಿಗೆ ಕ್ಯಾನರ್ ಅಮೆರಿಕದಲ್ಲಿ ದಾರಿ ಮಾಡಿಕೊಟ್ಟರು. ಹಾಗೆ ಬಂದವರಲ್ಲಿ ಜಾರ್ಜ್ ಫ್ರಾಂಕಲ್ ಒಬ್ಬರು. ಇವರು ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಇದ್ದ ಚಿಕಿತ್ಸಾಲಯದಲ್ಲಿಯೇ ದುಡಿದವರು. ಬಾಲ್ಟಿಮೋರಿಗೆ ಬಂದು ಕ್ಯಾನರ್ ಜೊತೆ ಸೇರಿದರು. ಸ್ವಲೀನತೆಯನ್ನು ಇಬ್ಬರು ಎರಡು ಖಂಡಗಳಲ್ಲಿ ಒಬ್ಬರಿಗೊಬ್ಬರು ತಿಳಿಯದೆ ಕಂಡರು ಎಂದು ನಾವು ಓದುವ ಮಾತಿಗೆ ಈ ಒಬ್ಬ ವ್ಯಕ್ತಿಯಿಂದ ಸ್ವಲ್ಪ ತಿದ್ದುಪಡಿ ಬೇಕಾಗುತ್ತದೆ. ಅವರಿಬ್ಬರಿಗೂ ಮೊದಲೇ, 1920ರ ದಶಕದಲ್ಲಿ, ಗ್ರುನ್ಯಾ ಸುಖರೇವಾ ಎಂಬ ರಷ್ಯನ್ ವೈದ್ಯೆ ಇಂಥ ಮಕ್ಕಳ ಬಗ್ಗೆ ಬರೆದಿದ್ದರು. ಪಠ್ಯಗಳಲ್ಲಿ ಅವರ ಹೆಸರು ಬರುವುದು ಅಪರೂಪ.

ಇನ್ನು ಡೊನಾಲ್ಡ್ ವಿಷಯ. ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ 1933ರಲ್ಲಿ ಹುಟ್ಟಿದ ಹುಡುಗ. ತಂದೆ ವಕೀಲರು, ತಾಯಿ ಶಿಕ್ಷಕಿಯಾಗಿದ್ದವರು. ಒಂದು ವರ್ಷಕ್ಕೆಲ್ಲ ರಾಗಗಳನ್ನು ತಪ್ಪಿಲ್ಲದೆ ಗುನುಗುತ್ತಿದ್ದ, ಎರಡು ವರ್ಷ ದಾಟುವುದರೊಳಗೆ ನೂರರವರೆಗೆ ಎಣಿಸುತ್ತಿದ್ದ. ಆದರೆ ತಾಯಿ ಬಂದರೂ ಮುಖ ಅರಳುತ್ತಿರಲಿಲ್ಲ, ಒಬ್ಬನೇ ಇದ್ದರೇ ಸುಖ. ದುಂಡಗಿರುವುದನ್ನೆಲ್ಲ ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತಿದ್ದ, ಯಾರಾದರೂ ತಡೆದರೆ ಮನೆ ಹಾರಿಹೋಗುವಂತೆ ಅಳುತ್ತಿದ್ದ. ವೈದ್ಯರ ಮಾತು ಕೇಳಿ ಮೂರರ ಮಗುವನ್ನು ಒಂದು ಸಂಸ್ಥೆಯಲ್ಲಿ ಬಿಟ್ಟರು. ಅಲ್ಲಿ ಅವನು ಮಂಕಾದ. 1938ರಲ್ಲಿ ತಂದೆ ತಾಯಿ ಅವನನ್ನು ಮನೆಗೆ ಕರೆತಂದರು. ಆ ವರ್ಷ ಕ್ಯಾನರ್ ಅವರ ಬಳಿಗೆ ಹೋಗುವ ಮುನ್ನ ತಂದೆ 33 ಪುಟಗಳ ಒಂದು ಪತ್ರ ಬರೆಸಿ ಕಳಿಸಿದರು. ಮಗು ಏನು ತಿನ್ನುತ್ತದೆ, ಯಾವ ಮಾತನ್ನು ಎಷ್ಟು ಸಲ ಹೇಳುತ್ತದೆ, ಯಾವುದಕ್ಕೆ ಹೆದರುತ್ತದೆ, ಎಲ್ಲವೂ ಅದರಲ್ಲಿತ್ತು. ಕ್ಯಾನರ್ ಅದನ್ನು ಅತಿಯಾದ ಕಾಳಜಿಯ ಲಕ್ಷಣ ಎಂದು ಒಂದು ಕ್ಷಣ ಶಂಕಿಸಿದರೂ ಬದಿಗೆ ಸರಿಸಲಿಲ್ಲ. ಮುಂದೆ ಬರೆದ ಪ್ರಬಂಧದ ಮೊದಲ ಪುಟಗಳು ಆ ಪತ್ರದಿಂದಲೇ ಬಂದವು. ಮೊದಲ ಸ್ವಲೀನತಾ ಮೌಲ್ಯಾಂಕನ ಯಾವ ಉಪಕರಣದಿಂದಲೂ ಆದದ್ದಲ್ಲ, ಮನೆಯವರು ನೋಡಿ ಬರೆದದ್ದನ್ನು ವೈದ್ಯರೊಬ್ಬರು ತಾಳ್ಮೆಯಿಂದ ಓದಿದ್ದರಿಂದ ಆದದ್ದು.

ಡೊನಾಲ್ಡ್ ಬಗ್ಗೆ ಕ್ಯಾನರ್ ದಾಖಲಿಸಿದ ಎರಡು ಸಂಗತಿಗಳು ತರಗತಿಯಲ್ಲಿ ನಿಲ್ಲುವ ನಮಗೆ ಬಹಳ ಹೇಳುತ್ತವೆ. ಅವನಿಗೆ ಹೌದು ಎನ್ನುವ ಪದ ಕಲಿಸಲು ತಂದೆ, ಹಾಗೆಂದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದಿದ್ದರು. ಮಗು ಕಲಿಯಿತು. ಆದರೆ ಆಮೇಲೆ ಬಹಳ ಕಾಲ ಆ ಪದಕ್ಕೆ ಅವನಲ್ಲಿದ್ದ ಅರ್ಥ ಹೆಗಲ ಮೇಲೆ ಕೂರಿಸು ಎಂಬುದೊಂದೇ. ಪದ ಕಲಿತ ಸಂದರ್ಭವೇ ಪದದ ಅರ್ಥವಾಗಿ ನಿಂತುಬಿಟ್ಟಿತ್ತು. ಇನ್ನೊಂದು ಲೆಕ್ಕದ್ದು. ಹತ್ತರಲ್ಲಿ ನಾಲ್ಕು ಕಳೆದರೆ ಎಷ್ಟು ಎಂದು ಕೇಳಿದಾಗ, ಷಡ್ಭುಜ ಬರೆಯುತ್ತೇನೆ ಎಂದನಂತೆ. ನಾನು ಗಣಿತ ಬೋಧನೆಯ ಪಾಠ ಯೋಜನೆಗಳಲ್ಲಿ ನಿರೀಕ್ಷಿತ ಉತ್ತರ ಎಂಬ ಅಂಕಣ ತುಂಬುವಾಗಲೆಲ್ಲ ಈ ಷಡ್ಭುಜ ನೆನಪಾಗುತ್ತದೆ. ಉತ್ತರ ಸರಿ ಇದೆ, ಆದರೆ ಅಂಕಣದಲ್ಲಿ ಅದಕ್ಕೆ ಜಾಗವಿಲ್ಲ. ಘಟಕ ಪರೀಕ್ಷೆಯ ಪತ್ರಿಕೆಯಲ್ಲಿ ಆರು ಎನ್ನುವ ಬದಲು ಒಂದು ಆಕೃತಿ ಬರೆದಿಟ್ಟರೆ ನಮ್ಮಲ್ಲಿ ಯಾರು ಅಂಕ ಕೊಟ್ಟಾರು?

ಹೀಗೆಯೇ ಐದು ವರ್ಷಗಳಲ್ಲಿ ಹನ್ನೊಂದು ಮಕ್ಕಳು ಸಿಕ್ಕರು, ಎಂಟು ಗಂಡು, ಮೂರು ಹೆಣ್ಣು. ಇವರಲ್ಲಿ ಕೆಲವರನ್ನು ಕಿವುಡರೆಂದು ಕರೆತಂದಿದ್ದರು, ಬಹಳಷ್ಟು ಮಕ್ಕಳಿಗೆ ಬುದ್ಧಿಮಾಂದ್ಯ ಎಂಬ ಚೀಟಿ ಅದಾಗಲೇ ಅಂಟಿತ್ತು. ಎಲ್ಲರಲ್ಲೂ ಕ್ಯಾನರ್ ಎರಡು ಎಳೆಗಳನ್ನು ಕಂಡರು. ಜನರಿಂದ ದೂರ, ತನ್ನೊಳಗೇ ಇರುವ ಸ್ಥಿತಿ ಒಂದು. ಸುತ್ತಲಿನದೆಲ್ಲ ಇದ್ದ ಹಾಗೆಯೇ ಇರಬೇಕೆಂಬ ಬಿಗಿಯಾದ ಪಟ್ಟು ಇನ್ನೊಂದು. ಬಂದ ದಾರಿಯಲ್ಲೇ ಹೋಗಬೇಕು, ಕುರ್ಚಿ ನಿನ್ನೆ ಇದ್ದಲ್ಲೇ ಇರಬೇಕು. ತಾನು ಎನ್ನುವಲ್ಲಿ ನೀನು ಎನ್ನುವುದು, ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುವುದು ಇವೂ ಇದ್ದವು. ಬಿನೆ ಮಾದರಿಯ ಬುದ್ಧಿ ಪರೀಕ್ಷೆಗಳನ್ನು ಈ ಮಕ್ಕಳಿಗೆ ಕೊಡುವುದೇ ಕಷ್ಟವಾಯಿತು, ಏಕೆಂದರೆ ಪರೀಕ್ಷಕರ ಮಾತಿಗೆ ಅವರು ಒಲಿಯುತ್ತಿರಲಿಲ್ಲ. ಮರದ ಹಲಗೆಯಲ್ಲಿ ಕೊರೆದ ಗುಳಿಗಳಿಗೆ ಸರಿಯಾದ ಆಕಾರದ ತುಂಡುಗಳನ್ನು ಕೂರಿಸುವ ಸೆಗ್ಯಾಂ ಹಲಗೆಯನ್ನು ಕೊಟ್ಟಾಗ ಎಲ್ಲರೂ ಚೆನ್ನಾಗಿ ಮಾಡಿದರು. ಬುದ್ಧಿ ಇಲ್ಲದ್ದಲ್ಲ, ಅದನ್ನು ಮುಟ್ಟುವ ದಾರಿ ಬೇರೆ ಎಂದು ಅವರಿಗೆ ಖಾತ್ರಿಯಾದದ್ದು ಹೀಗೆ. 1943ರಲ್ಲಿ ಆ ಪ್ರಬಂಧ ಪ್ರಕಟವಾಯಿತು. ಸ್ವಲೀನತೆ ಎಂಬ ಅರ್ಥದ ಆಟಿಸಂ ಪದವನ್ನು ಅವರು ಹೊಸದಾಗಿ ಹುಟ್ಟಿಸಲಿಲ್ಲ. ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಅದನ್ನು ಮೂವತ್ತು ವರ್ಷ ಮೊದಲೇ ಬೇರೊಂದು ಮನೋರೋಗದ ಲಕ್ಷಣಕ್ಕೆ ಬಳಸಿದ್ದರು. ಕ್ಯಾನರ್ ಅದನ್ನು ಹುಟ್ಟಿನಿಂದಲೇ ಬರುವ ಒಂದು ಪ್ರತ್ಯೇಕ ಸ್ಥಿತಿಗೆ ಕೊಟ್ಟರು.

ಈ ಬುದ್ಧಿ ಪರೀಕ್ಷೆಯ ಮಾತು ಬಂದಾಗ ನಮ್ಮ ಕಡೆಯ ಒಂದು ವಿಷಯ ಹೇಳದಿದ್ದರೆ ಆಗದು. ಕ್ಯಾನರ್ ತಮ್ಮ ಚಿಕಿತ್ಸಾಲಯ ಕಟ್ಟುತ್ತಿದ್ದ ಕಾಲದಲ್ಲಿಯೇ ವಿ. ವಿ. ಕಾಮತ್ ಅವರು ಬಿನೆಯ ಮಾಪನವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸುವ ಕೆಲಸ ಮಾಡಿ 1934ರಲ್ಲಿ ಪ್ರಕಟಿಸಿದರು. ಆಗ ತುಂಗಭದ್ರೆಯ ಆಚೆ ದಡದ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಈಚೆ ದಡದ ಹಡಗಲಿ ತಾಲ್ಲೂಕು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮಕ್ಕಳ ಮಾತು ಮಾತ್ರ ಎರಡೂ ದಡದಲ್ಲಿ ಕನ್ನಡವೇ. ಬಿನೆ–ಕಾಮತ್ ಪರೀಕ್ಷೆ ಎಂದು ಹೆಸರಾದ ಅದು ಕರ್ನಾಟಕದ ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಸೆಗ್ಯಾಂ ಹಲಗೆಯೂ ಇದೆ. ಮಾತಿನ ಮೂಲಕವೇ ನಡೆಯುವ ಪರೀಕ್ಷೆಯಲ್ಲಿ ಮಾತಾಡದ ಮಗುವಿಗೆ ಕಡಿಮೆ ಅಂಕ ಬಂದರೆ ಅದು ಮಗುವಿನ ಅಳತೆಯೋ ಪರೀಕ್ಷೆಯ ಅಳತೆಯೋ ಎಂಬ ಪ್ರಶ್ನೆ 1943ರಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಆದ್ದರಿಂದ ಎರಡು ಬಗೆಯ ಪರೀಕ್ಷೆಗಳ ವರದಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದನ್ನು ಶಿಕ್ಷಕರು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ಬುದ್ಧಿಲಬ್ಧ ಎಂಬ ಒಂದು ಸಂಖ್ಯೆಯನ್ನಷ್ಟೇ ದಾಖಲಾತಿ ಪುಸ್ತಕಕ್ಕೆ ಇಳಿಸಿಕೊಂಡರೆ ಆ ಮಗುವಿನ ಬಗ್ಗೆ ನಮಗೆ ತಿಳಿದದ್ದು ಬಹಳ ಕಡಿಮೆ.

ಇನ್ನು ಕ್ಯಾನರ್ ಎಡವಿದ ಜಾಗ. ಹನ್ನೊಂದು ಮಕ್ಕಳ ತಂದೆ ತಾಯಂದಿರು ವಕೀಲರು, ವೈದ್ಯರು, ಪ್ರಾಧ್ಯಾಪಕರು, ಪದವೀಧರರು. ಇವರಲ್ಲಿ ಮನದಾಳದ ಬೆಚ್ಚನೆ ಪ್ರೀತಿ ಕಡಿಮೆ ಎಂದು ಅವರಿಗೆ ತೋರಿತು. ಪ್ರಬಂಧದ ಕೊನೆಯಲ್ಲಿ ಇದು ಜನ್ಮಜಾತ ಸ್ಥಿತಿ ಎಂದೇ ಬರೆದರೂ, 1940ರ ದಶಕದ ಕೊನೆಗೆ ಅವರ ಬರಹಗಳಲ್ಲಿ ಪೋಷಕರ ತಣ್ಣನೆಯ ಸ್ವಭಾವದ ಮಾತು ಬಲವಾಯಿತು. ಮಕ್ಕಳನ್ನು ಶೈತ್ಯಪೆಟ್ಟಿಗೆಯಲ್ಲಿಟ್ಟಂತೆ ಬೆಳೆಸಿದರು ಎಂಬ ಹೋಲಿಕೆ ಅವರದೇ. ಪತ್ರಿಕೆಗಳು ಅದನ್ನು ಎತ್ತಿಕೊಂಡವು. ಆಮೇಲೆ ಬ್ರೂನೊ ಬೆಟಲ್‌ಹೈಮ್ ಎಂಬುವರು 1967ರ ತಮ್ಮ ಪುಸ್ತಕದಲ್ಲಿ ಅದನ್ನು ಇನ್ನೂ ಕಟುವಾಗಿಸಿ ತಾಯಂದಿರ ತಲೆಗೆ ಕಟ್ಟಿದರು. 1941ರಲ್ಲಿ ತಾಯಂದಿರ ಪರವಾಗಿಯೇ ಒಂದು ಪುಸ್ತಕ ಬರೆದಿದ್ದ ವೈದ್ಯರು ಇಂಥ ಕಡೆ ಜಾರಿದ್ದು ನನಗೆ ಅರ್ಥವಾಗದ ಸಂಗತಿ. ಬಹುಶಃ ಆ ಕಾಲದ ಮನೋವೈದ್ಯದ ಗಾಳಿ ಹಾಗೇ ಬೀಸುತ್ತಿತ್ತು, ಅವರೂ ಅದರ ಜೊತೆ ವಾಲಿದರು.

ಆದರೆ ಇದರಲ್ಲಿ ಲೆಕ್ಕದ ತಪ್ಪೊಂದಿದೆ, ವಿಜ್ಞಾನ ಓದಿದವರಿಗೆ ಅದು ಎದ್ದು ಕಾಣುತ್ತದೆ. ಬಾಲ್ಟಿಮೋರಿನ ಹೆಸರಾಂತ ವೈದ್ಯರವರೆಗೆ ರೈಲು ಖರ್ಚು ಮಾಡಿಕೊಂಡು ಹೋಗಿ, 33 ಪುಟದ ಪತ್ರ ಬೆರಳಚ್ಚು ಮಾಡಿಸಿ ಕಳಿಸಬಲ್ಲವರು ಯಾರು? ಓದಿದವರು, ಕೈಯಲ್ಲಿ ಕಾಸಿದ್ದವರು. ಹತ್ತಿ ಬಿಡಿಸುವವಳ ಮಗು ಆ ಬಾಗಿಲಿಗೆ ಬರಲೇ ಇಲ್ಲ. ಬಂದವರನ್ನು ಮಾತ್ರ ನೋಡಿ ಈ ಸ್ಥಿತಿ ಓದಿದವರ ಮನೆಯದು ಎಂದುಕೊಂಡದ್ದು ಮಾದರಿ ಆಯ್ಕೆಯ ದೋಷ. ಕ್ಯಾನರ್ ತಮ್ಮ ವ್ಯಾಖ್ಯೆಯನ್ನು ಬಹಳ ಇಕ್ಕಟ್ಟಾಗಿ ಹಿಡಿದವರು, ಬೇರೆ ವೈದ್ಯರು ಕಳಿಸಿದ ಮಕ್ಕಳಲ್ಲಿ ಹೆಚ್ಚಿನವರನ್ನು ಇದು ಅದಲ್ಲ ಎಂದು ತಿರುಗಿ ಕಳಿಸುತ್ತಿದ್ದರು. ಲಂಡನ್ನಿನ ಲೋರ್ನಾ ವಿಂಗ್ ಮತ್ತು ಜುಡಿತ್ ಗೌಲ್ಡ್ 1970ರ ದಶಕದಲ್ಲಿ ಆಸ್ಪತ್ರೆಗೆ ಬಂದವರನ್ನು ಕಾಯದೆ ಒಂದು ಬಡಾವಣೆಯ ಮಕ್ಕಳನ್ನೇ ಹುಡುಕಿ ನೋಡಿ 1979ರಲ್ಲಿ ಬರೆದ ಮೇಲೆ, ಇದು ಎಲ್ಲ ವರ್ಗದ ಮನೆಗಳಲ್ಲೂ ಇದೆ, ಹಲವು ಮಟ್ಟಗಳಲ್ಲಿದೆ ಎಂಬುದು ಗಟ್ಟಿಯಾಯಿತು.

ಈ ದೋಷ ಹೊಳಲಿನಲ್ಲಿ ಕೂತು ಓದುವಾಗ ಇತಿಹಾಸ ಅನ್ನಿಸುವುದಿಲ್ಲ. ಇಲ್ಲಿನ ಪೋಷಕರು ಮಗುವನ್ನು ಖಾಸಗಿಯಾಗಿ ತೋರಿಸಬೇಕೆಂದರೆ ದಾವಣಗೆರೆಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕು. ಬಸ್ಸಿನ ಖರ್ಚು, ಮೌಲ್ಯಾಂಕನದ ಶುಲ್ಕ, ಎರಡು ಮೂರು ದಿನದ ಕೂಲಿ, ಮತ್ತೆ ಬನ್ನಿ ಎಂದರೆ ಅದೆಲ್ಲ ಎರಡನೆಯ ಸಲ. ಬೋಧನಾಭ್ಯಾಸದ ಅವಧಿಯಲ್ಲಿ ಮಾತಿಗೆ ಸಿಕ್ಕ ತಾಯಿಯೊಬ್ಬರು ಇಂಥ ಒಂದು ಖಾಸಗಿ ಕೇಂದ್ರದಿಂದ ತಂದ ಇಂಗ್ಲಿಷ್ ವರದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಏನಿದೆ ಅಂತ ಓದಿ ಹೇಳ್ರಿ ಮೇಡಂ ಎಂದರು. ಹಣ ಕೊಟ್ಟು ವರ್ಷ ಕಳೆದಿತ್ತು, ಅದರಲ್ಲಿ ಏನಿದೆ ಎಂದು ಅವರಿಗೆ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ. ಅದೇ ವರದಿ ಸಾಕು, ಇನ್ನು ಪ್ರಮಾಣಪತ್ರ ಬೇಡ ಎಂದೂ ಅವರು ತಿಳಿದಿದ್ದರು. ಖಾಸಗಿ ವರದಿ ಮಗುವನ್ನು ಅರಿಯಲು ಉಪಯೋಗಕ್ಕೆ ಬರುತ್ತದೆ ನಿಜ, ಆದರೆ ಕಾನೂನಿನ ಸೌಲಭ್ಯಕ್ಕೆ ಸರಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರವೇ ಬೇಕು. 1995ರ ಅಂಗವಿಕಲರ ಕಾಯ್ದೆಯಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು, 2016ರ ಕಾಯ್ದೆಯ 21 ವಿಧದ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿತು. ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಸ್ವಲೀನತಾ ಮೌಲ್ಯಾಂಕನ ಮಾಪನವನ್ನು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಸಿದ್ಧಪಡಿಸಿದ್ದು, 2009ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ 40 ಅಂಶಗಳಿವೆ, ಒಟ್ಟು ಅಂಕ 70 ಮುಟ್ಟಿದರೆ ಸ್ವಲೀನತೆ ಇದೆ ಎಂದು ಪರಿಗಣಿಸುತ್ತಾರೆ. ಕಣ್ಣಿಟ್ಟು ನೋಡುವುದು, ಕೇಳಿದ್ದನ್ನೇ ಮರುನುಡಿಯುವುದು, ನಾನು–ನೀನು ಅದಲುಬದಲು, ಇದ್ದದ್ದು ಇದ್ದಂತೆಯೇ ಇರಬೇಕೆಂಬ ಪಟ್ಟು ಇವೆಲ್ಲ ಅದರಲ್ಲಿವೆ. ಓದುತ್ತಾ ಹೋದರೆ ಡೊನಾಲ್ಡ್ ತಂದೆಯ ಪತ್ರವನ್ನೇ ಯಾರೋ ಅಂಕಣ ಹಾಕಿ ಜೋಡಿಸಿದಂತಿದೆ. ಅದನ್ನು ತುಂಬುವುದು ಮಗುವನ್ನು ನೋಡಿ ಮತ್ತು ಮನೆಯವರನ್ನು ಕೇಳಿ. ದಿನಕ್ಕೆ ಐದಾರು ಗಂಟೆ ಮಗುವನ್ನು ನೋಡುವ ಶಿಕ್ಷಕರು ದಿನಾಂಕ ಹಾಕಿ ಬರೆದಿಟ್ಟ ನಾಲ್ಕು ಪುಟಗಳು ಪೋಷಕರ ಕೈಯಲ್ಲಿದ್ದರೆ ತಪಾಸಣೆಯ ಆ ಅರ್ಧ ಗಂಟೆಯ ಬೆಲೆ ಎಷ್ಟೋ ಹೆಚ್ಚುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸಾರ್ವಜನಿಕ ಸಂಸ್ಥೆಗಳೇ ಎಂಬುದನ್ನೂ ಪೋಷಕರಿಗೆ ಹೇಳಬೇಕು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಸಂಪನ್ಮೂಲ ಶಿಕ್ಷಕರನ್ನು ಕಂಡರೆ ವೈದ್ಯಕೀಯ ತಪಾಸಣಾ ಶಿಬಿರದ ದಿನ ತಿಳಿಯುತ್ತದೆ.

ತಾಯಿಯ ಮೇಲಿನ ಆರೋಪವೂ ಇಲ್ಲಿ ಹಳೆಯದಾಗಿಲ್ಲ. ಶೈತ್ಯಪೆಟ್ಟಿಗೆಯ ಬದಲು ಬೇರೆ ಮಾತು ಬಂದಿವೆ, ಅಷ್ಟೆ. ಗ್ರಹಣದಾಗ ಹೊರಗ ಬಂದಿದ್ಲು, ಮೊಬೈಲು ಕೊಟ್ಟು ಕೆಡಿಸಿದ್ಲು, ಹೊಲಕ್ಕೆ ಹೋಗಿ ಕೂಸಿನ ಮಾತಾಡಿಸಲಿಲ್ಲ ಎನ್ನುವವರು ಇದ್ದಾರೆ. ಶಿಕ್ಷಕರ ಕೊಠಡಿಯಲ್ಲಿಯೂ ಇಂಥ ಮಾತು ಕೇಳಿಬರುತ್ತದೆ. ಕ್ಯಾನರ್ ಈ ವಿಷಯದಲ್ಲಿ ಕೊನೆಗೆ ಏನು ಮಾಡಿದರು ಎಂದು ಹೇಳುವುದು ಅದಕ್ಕೇ ಮುಖ್ಯ. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನೋವಿಜ್ಞಾನಿ, ತಾವೂ ಇಂಥ ಮಗುವಿನ ತಂದೆ, ಸ್ವಲೀನತೆಗೆ ಕಾರಣ ಮಿದುಳಿನಲ್ಲಿದೆ, ತಾಯಿಯ ಪ್ರೀತಿಯ ಕೊರತೆಯಲ್ಲಿಲ್ಲ ಎಂದು ಪುರಾವೆ ಕೂಡಿಸಿ ಪುಸ್ತಕ ಬರೆದರು. ತಮ್ಮ ಮಾತಿಗೆ ವಿರುದ್ಧವಾಗಿದ್ದ ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ಕ್ಯಾನರ್. 1969ರಲ್ಲಿ ವಾಷಿಂಗ್ಟನ್ನಿನಲ್ಲಿ ಸ್ವಲೀನತೆಯುಳ್ಳ ಮಕ್ಕಳ ಪೋಷಕರ ಸಭೆ ಸೇರಿತ್ತು. 75 ವಯಸ್ಸಿನ ಕ್ಯಾನರ್ ಎದ್ದು ನಿಂತು, ಪೋಷಕರಾದ ನಿಮ್ಮನ್ನು ಈ ಆರೋಪದಿಂದ ಬಿಡುಗಡೆ ಮಾಡುತ್ತಿದ್ದೇನೆ ಎಂಬರ್ಥದ ಮಾತಾಡಿದರು. ಸಭೆ ಎದ್ದು ಚಪ್ಪಾಳೆ ತಟ್ಟಿತು. ತಾವು ಹಾಗೆ ಹೇಳಿಯೇ ಇರಲಿಲ್ಲ, ಜನ ತಪ್ಪು ತಿಳಿದರು ಎಂಬ ಧಾಟಿಯೂ ಅವರ ಮಾತಿನಲ್ಲಿತ್ತು. ಅದನ್ನು ನಾನು ಪೂರ್ತಿ ಒಪ್ಪಲಾರೆ. ಅವರು ಬರೆದ ಸಾಲುಗಳು ಅಚ್ಚಿನಲ್ಲಿವೆ. ಆದರೂ ತಾಯಂದಿರ ಎದುರಿಗೇ ನಿಂತು ಅಷ್ಟು ಹೇಳಿದ ತಜ್ಞರು ಆ ಪೀಳಿಗೆಯಲ್ಲಿ ಹೆಚ್ಚಿಲ್ಲ.

ಡೊನಾಲ್ಡ್ ಏನಾದ? 1942ರಲ್ಲಿ, ಒಂಬತ್ತನೆಯ ವಯಸ್ಸಿಗೆ, ಅವನನ್ನು ಊರಿನಿಂದ ಹತ್ತು ಮೈಲಿ ದೂರದ ಲೂಯಿಸ್ ಎಂಬ ರೈತ ದಂಪತಿಯ ಮನೆಯಲ್ಲಿ ಇರಿಸಿದರು. 1945ರ ಮೇ ತಿಂಗಳಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿದರು. ಅವರು ಬರೆದಿಟ್ಟದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಹುಡುಗನಿಗೆ ಎಲ್ಲವನ್ನೂ ಅಳೆಯುವ ಗೀಳು. ರೈತ ಅವನಿಗೆ ಬಾವಿ ತೋಡಲು ಹಚ್ಚಿ, ಎಷ್ಟು ಆಳವಾಯಿತು ಎಂದು ವರದಿ ಒಪ್ಪಿಸುವ ಕೆಲಸ ಕೊಟ್ಟ. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುವ ಗೀಳು. ಎಣಿಸು, ಆದರೆ ನೇಗಿಲು ಹೊಡೆಯುತ್ತಾ ಎಣಿಸು ಎಂದ. ಕ್ಯಾನರ್ ನೋಡುತ್ತಿದ್ದಂತೆಯೇ ಹುಡುಗ ಆರು ಉದ್ದನೆಯ ಸಾಲು ಹೊಡೆದ, ಕುದುರೆಯನ್ನೂ ನೇಗಿಲನ್ನೂ ತುದಿಯಲ್ಲಿ ಚೆನ್ನಾಗಿಯೇ ತಿರುಗಿಸಿದ. ಸತ್ತ ಹಕ್ಕಿ, ಹುಳ ಕೂಡಿಹಾಕುತ್ತಿದ್ದ. ಅದಕ್ಕೊಂದು ಪುಟ್ಟ ಮಸಣ ಮಾಡಿಕೊಟ್ಟರು, ಪ್ರತಿಯೊಂದಕ್ಕೂ ಹೆಸರಿನ ಫಲಕ ನೆಟ್ಟ. ಬಸವನಹುಳುವಿಗೂ ರೈತನ ಮನೆತನದ ಹೆಸರು ಸಿಕ್ಕಿತು. ಹುಟ್ಟಿದ ದಿನ ಗೊತ್ತಿಲ್ಲ, ಸತ್ತ ದಿನ ಇಂಥದ್ದು ಎಂದೂ ಬರೆದಿದ್ದ. ಹಳ್ಳಿಯ ಶಾಲೆ ಅವನ ವಿಚಿತ್ರಗಳನ್ನು ಇದ್ದಂತೆ ಒಪ್ಪಿಕೊಂಡಿತು, ಓದಿನಲ್ಲಿ ಮುಂದೆ ಬಂದ. ಲೂಯಿಸ್ ದಂಪತಿ ಯಾವ ಪ್ರಶಿಕ್ಷಣವನ್ನೂ ಪಡೆದವರಲ್ಲ. ಆಸಕ್ತಿಯಿಂದ ಕಲಿಕೆಗೆ ಎಂಬ ತತ್ವವನ್ನು ನಾವು ಪಾಠ ಯೋಜನೆಯ ಪೀಠಿಕೆಯಲ್ಲಿ ಬರೆಯುತ್ತೇವೆ. ಅವರು ಅದನ್ನು ಹೊಲದಲ್ಲಿ ಮಾಡಿದರು.

1959ರಲ್ಲಿ ಕ್ಯಾನರ್ ನಿವೃತ್ತರಾದರೂ ಬರೆಯುವುದು ನಿಲ್ಲಲಿಲ್ಲ. 1971ರಲ್ಲಿ ಸ್ವಲೀನತೆಗೆಂದೇ ಒಂದು ಸಂಶೋಧನಾ ಪತ್ರಿಕೆ ಶುರುವಾದಾಗ ಅದರ ಸಂಪಾದಕರಾದರು. ಆ ವರ್ಷವೇ ಅದರಲ್ಲಿ ತಮ್ಮ ಹನ್ನೊಂದು ಮಕ್ಕಳು ಮೂವತ್ತು ವರ್ಷಗಳ ನಂತರ ಎಲ್ಲಿದ್ದಾರೆ ಎಂದು ಹುಡುಕಿ ಬರೆದರು. ಇಂಥ ಪ್ರಬಂಧ ಬರೆಯಲು ಧೈರ್ಯ ಬೇಕು, ಏಕೆಂದರೆ ಉತ್ತರ ಹಿತವಾಗಿರಲಿಲ್ಲ. ದೊಡ್ಡ ಸರಕಾರಿ ಆಸ್ಪತ್ರೆಗಳಿಗೆ ಸೇರಿಸಿದ ಮಕ್ಕಳು ಬಾಲ್ಯದಲ್ಲಿದ್ದ ನೆನಪಿನ ಶಕ್ತಿಯನ್ನೂ ಕಳೆದುಕೊಂಡು ಏನೂ ಮಾಡದೆ ಕೂತಿದ್ದರು. ಅಲ್ಲಿಗೆ ಸೇರಿಸುವುದೆಂದರೆ ಜೀವಾವಧಿ ಶಿಕ್ಷೆ ಕೊಟ್ಟಂತೆಯೇ ಎಂಬ ನಿಲುವಿಗೆ ಅವರು ಬಂದರು. ಚೆನ್ನಾಗಿ ಬದುಕಿದ್ದವರು ಮುಖ್ಯವಾಗಿ ಇಬ್ಬರು. ಒಬ್ಬರು ಕಚೇರಿಯೊಂದರಲ್ಲಿ ನಕಲು ಯಂತ್ರ ನಡೆಸುತ್ತಿದ್ದರು. ಇನ್ನೊಬ್ಬರು ಡೊನಾಲ್ಡ್. 1958ರಲ್ಲಿ ಪದವಿ ಮುಗಿಸಿ ತಮ್ಮೂರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದರು.

ಕ್ಯಾನರ್ 1981ರ ಏಪ್ರಿಲ್‌ನಲ್ಲಿ, 86ನೆಯ ವಯಸ್ಸಿನಲ್ಲಿ, ಮೇರಿಲ್ಯಾಂಡಿನಲ್ಲಿ ತೀರಿಕೊಂಡರು. ಡೊನಾಲ್ಡ್ ಕಾರು ಓಡಿಸುವುದನ್ನು, ಗಾಲ್ಫ್ ಆಡುವುದನ್ನು ಕಲಿತು, ಒಬ್ಬರೇ ಹಲವು ದೇಶಗಳನ್ನು ಸುತ್ತಿ ಬಂದು, ಹುಟ್ಟಿದ ಊರಿನಲ್ಲಿಯೇ 2023ರವರೆಗೆ ಬದುಕಿದ್ದರು. ಆಗ ಅವರಿಗೆ 89 ವರ್ಷ. ಊರಿನವರು ಅವರನ್ನು ಡಾನ್ ಎಂದು ಕರೆಯುತ್ತಿದ್ದರು.